ಹೌದದೊಳಗೆ ಇಳಿದ ಮೊಣಕಾಲು

“ಸಂದು ನೋವಿಗೆ ನೀರಾಗ ನಿಂದ್ರು ಅಂತೀರಲ್ರಿ ಮೇಡಮ್ಮಾರ, ವಾಯು ಹಿಡಿಯೂದಿಲ್ಲೇನ್ರಿ?”

ಗುಳೇದಗುಡ್ಡದ ನೇಕಾರ್ತಿಯೊಬ್ಬರು ಹೀಗೆ ಕೇಳಿದಾಗ ನನಗೆ ನಗು ಬರಲಿಲ್ಲ. ಫಿಸಿಯೋಥೆರಪಿಸ್ಟ್ ಆದ ನಾನು ನೀರೊಳಗಿನ ವ್ಯಾಯಾಮಕ್ಕೆ ಮೊದಲ ಸಲ ರೋಗಿಗಳನ್ನು ಇಳಿಸಿದ್ದು ಬಾಡಿಗೆಗೆ ಹಿಡಿದ ಈಜುಕೊಳದಲ್ಲಿ, ಅದೂ ಡಿಸೆಂಬರ್ ಬೆಳಿಗ್ಗೆ. ಈಜುವವರಿಗೆ ಹಿತ ಅನ್ನಿಸುವ ನೀರು, ನಿಧಾನಕ್ಕೆ ಒಂದೊಂದೇ ಹೆಜ್ಜೆ ಇಡುವವರಿಗೆ ಕೊರೆಯುತ್ತದೆ. ಐದು ನಿಮಿಷಕ್ಕೆ ಇಬ್ಬರು ಗಡಗಡ ನಡುಗಿದರು. ತೊಡೆಯ ಸ್ನಾಯು ಮುಟ್ಟಿದರೆ ಕಟ್ಟಿಗೆ. ವಾಯು ಹಿಡೀತು ಅಂತ ಅವರು ಮನೆಗೆ ಹೋಗಿ ಹೇಳಿದ್ದರೆ ತಪ್ಪೇನಿಲ್ಲ ಅಲ್ವಾ?

ಆಮೇಲೆ ಬಾಗಲಕೋಟೆಯ ನವನಗರದಲ್ಲಿ, ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿನ ಹಿಂದೆ, ಒಂದು ಹೌದ, ಅಂದರೆ ನೀರಿನ ತೊಟ್ಟಿ, ಕಟ್ಟಿಸಿದೆ. 12 ಅಡಿ ಉದ್ದ, 8 ಅಡಿ ಅಗಲ. ಒಂದು ತುದಿಯಲ್ಲಿ 3 ಅಡಿ ನೀರು, ಇನ್ನೊಂದು ತುದಿಯಲ್ಲಿ 4 ಅಡಿ. ನೀರು 33ರಿಂದ 34 ಡಿಗ್ರಿ ಇರಬೇಕು. ನಮ್ಮ ಬೇಸಿಗೆಯಲ್ಲಿ ಇದಕ್ಕೆ ಖರ್ಚೇ ಇಲ್ಲ, ಚಳಿಗಾಲದಲ್ಲಿ ಹೀಟರ್ ಬೇಕು. ಬೋರ್ ನೀರಿನ ಸುಣ್ಣ ಹೀಟರಿನ ಕಾಯಿಲ್‌ಗೆ ಹಪ್ಪಳದ ಹಾಗೆ ಕಟ್ಟಿಕೊಳ್ಳುತ್ತದೆ, ಅದನ್ನು ಕೆರೆಯುವುದೂ ನನ್ನ ಪಾಲಿನ ಥೆರಪಿಯೇ. ಬೆಚ್ಚಗಿನ ನೀರಲ್ಲಿ ಕ್ಲೋರಿನ್ ಬೇಗ ಖಾಲಿಯಾಗುತ್ತದೆ, ಹಾಗಾಗಿ ದಿನಾ ಪರೀಕ್ಷೆ ಮಾಡದೆ ಯಾರನ್ನೂ ಇಳಿಸುವುದಿಲ್ಲ.

ಇನ್ನು ಬಟ್ಟೆ. ಇದರ ಬಗ್ಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಸೀರೆ ನೀರು ಕುಡಿದು ಕಾಲಿಗೆ ಸುತ್ತಿಕೊಳ್ಳುತ್ತದೆ. ನೈಟಿ ಛತ್ರಿಯ ಹಾಗೆ ಉಬ್ಬಿ ಮೇಲೆ ಬರುತ್ತದೆ, ಅವರು ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿಯುವುದರಲ್ಲೇ ಅರ್ಧ ಗಂಟೆ ಮುಗಿಯುತ್ತದೆ. ಈಗ ಚೂಡಿದಾರದ ಪ್ಯಾಂಟು, ಮೇಲೊಂದು ಟಿ-ಶರ್ಟು. ಮಧ್ಯಾಹ್ನದ ಹೊತ್ತು ಹೆಂಗಸರಿಗೆ ಮಾತ್ರ, ಗಂಡಸರು ಆ ಕಡೆ ಸುಳಿಯುವ ಹಾಗಿಲ್ಲ.

ಆ ನೇಕಾರ್ತಿಗೆ ಮೊಣಕಾಲಿನ ಕೀಲು ಸವೆದಿತ್ತು. ವರ್ಷಗಟ್ಟಲೆ ಮಗ್ಗದ ಕುಣಿಯಲ್ಲಿ, ಅಂದರೆ ಮಗ್ಗದ ಕೆಳಗಿನ ಗುಂಡಿಯಲ್ಲಿ, ಕಾಲು ಇಳಿಬಿಟ್ಟು ಕೂತು, ತುಳಿದು, ಕೈಯೂರಿ ಮೇಲೆದ್ದ ಕಾಲು. ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಮುಖ ಕಿವಿಚುತ್ತಿದ್ದರು. ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಎದೆಮಟ್ಟಕ್ಕೆ ಬಂದರೆ ಮೂರನೇ ಒಂದು ಭಾಗದಷ್ಟೇ. ಕಂಬಿ ಹಿಡಿದು ಆಳದ ಕಡೆ ನಡೆದರು. ಮೊದಲು ಮುಂದಕ್ಕೆ, ಆಮೇಲೆ ಹಿಂದಕ್ಕೆ. ಮೂರನೇ ಸುತ್ತಿಗೆ ಕಂಬಿ ಬಿಟ್ಟರು. “ಈ ಕಾಲು ನಂದs ಅಲ್ಲ ಅನ್ನಿಸ್ತೈತ್ರಿ!” ಅಂದರು.

ನನಗೂ ಖುಷಿ ಜಾಸ್ತಿಯಾಯಿತು. ಸಾಕು ಅನ್ನಲೇ ಇಲ್ಲ. 40 ನಿಮಿಷ ಬಿಟ್ಟೆ. ಮರುದಿನ ಬೆಳಿಗ್ಗೆ ಮಗನ ಫೋನು: “ಅವ್ವನ ಮೊಣಕಾಲು ಬಾತೈತ್ರಿ, ಎದ್ದಿಲ್ಲ.”

ತಪ್ಪು ನನ್ನದೇ. ನೀರಲ್ಲಿ ನೋವು ಚಾಡಿ ಹೇಳುವುದಿಲ್ಲ. ಎಷ್ಟಾಯಿತು ಅನ್ನುವುದು ಗೊತ್ತಾಗುವುದು ಮರುದಿನ. ಆಗಿನಿಂದ ಮೊದಲ ದಿನ ಹತ್ತೇ ನಿಮಿಷ, ಇನ್ನೂ ಬೇಕು ಅಂತ ಬೇಡಿಕೊಂಡರೂ ಹತ್ತೇ. ಮರುದಿನ ಬೆಳಿಗ್ಗೆ ನಾನೇ ಫೋನ್ ಮಾಡಿ ಕೇಳುತ್ತೇನೆ. ನೋವು ಹೆಚ್ಚಾಗಿದ್ದರೆ ಮುಂದಿನ ಸಲ ಅರ್ಧ.

ಹೊರಗೆ ಬರುವ ಮೆಟ್ಟಿಲು ಇನ್ನೊಂದು ತಲೆನೋವು. ಅಲ್ಲಿವರೆಗೆ ನೀರು ಹೊತ್ತ ಭಾರ ಒಮ್ಮೆಲೇ ಕಾಲಿಗೆ ಬರುತ್ತದೆ. ಜೊತೆಗೆ ಸುತ್ತಲಿಂದ ಕಾಲನ್ನು ಅದುಮಿ ಹಿಡಿದ ನೀರಿನ ಒತ್ತಡ ಹೋಗುತ್ತದೆ, ಬಿಪಿ ಇಳಿದು ತಲೆ ಸುತ್ತಬಹುದು. ಹಾಗಾಗಿ ಒಂದೊಂದು ಮೆಟ್ಟಿಲಲ್ಲೂ ಅರ್ಧ ನಿಮಿಷ ನಿಲ್ಲಿಸುತ್ತೇನೆ. ಮೇಲೆ ಕುರ್ಚಿ, ಟವೆಲ್, ಒಂದು ಲೋಟ ಮಜ್ಜಿಗೆ.

ಇನ್ನೊಂದು ಪಾಠ ಕಲಿಸಿದ್ದು ಸಕ್ಕರೆ ಕಾಯಿಲೆಯ ಒಬ್ಬ ಮೇಷ್ಟ್ರು. ಭುಜ ಹಿಡಿದುಕೊಂಡಿತ್ತು. ನೀರಲ್ಲಿ ಕೈ ತಾನಾಗಿ ತೇಲಿ ಮೇಲೆ ಬರುತ್ತದಲ್ಲ, ಅವರಿಗೆ ಬಹಳ ಹಿತವಾಗಿತ್ತು. ಜಾರಬಾರದು ಅಂತ ನಾನು ನೆಲದ ಸಿಮೆಂಟನ್ನು ಒರಟಾಗಿ ಬಿಡಿಸಿದ್ದೆ. ಹೊರಗೆ ಬಂದಾಗ ಅವರ ಹೆಬ್ಬೆರಳಿಂದ ರಕ್ತ. ಪಾದಕ್ಕೆ ಸ್ಪರ್ಶವೇ ಇರಲಿಲ್ಲ, ಅವರಿಗೆ ಗೊತ್ತೇ ಆಗಿಲ್ಲ. ಈಗ ಇಳಿಯುವ ಮುಂಚೆಯೂ ಹತ್ತಿದ ಮೇಲೂ ಅಂಗಾಲು ನೋಡುತ್ತೇನೆ, ರಬ್ಬರ್ ಶೂ ಹಾಕಿಸುತ್ತೇನೆ. ಗಾಯ, ಜ್ವರ, ಚರ್ಮದ ಸೋಂಕು, ಹಿಡಿತಕ್ಕೆ ಬಾರದ ಫಿಟ್ಸ್ ಇದ್ದವರನ್ನು ಇಳಿಸುವುದಿಲ್ಲ. ಹೃದಯದ ತೊಂದರೆ ಇದ್ದರೆ ಮೊದಲು ಅವರ ಡಾಕ್ಟರ ಒಪ್ಪಿಗೆ.

ಬಲ ಬರಿಸಲು ದುಬಾರಿ ಸಾಮಾನು ಬೇಕಿಲ್ಲ. ಮುಚ್ಚಳ ಬಿಗಿದ ಅರ್ಧ ಲೀಟರಿನ ಖಾಲಿ ಬಾಟಲಿಯನ್ನು ನೀರೊಳಗೆ ಒತ್ತಿ ನೋಡಿ, ಸುಮಾರು ಅರ್ಧ ಕಿಲೋ ಜೋರಿನಿಂದ ಮೇಲೆ ತಳ್ಳುತ್ತದೆ. ಕಾಲು ಬೀಸುವ ವೇಗ ಎರಡು ಪಟ್ಟಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ನಿಧಾನ ಮಾಡಿದರೆ ಅಲ್ಲಿಗೇ ಹಗುರ.

ನೇಕಾರ್ತಿಯನ್ನು ವಾರಕ್ಕೆ ಎರಡು ಸಲ, ಎರಡು ತಿಂಗಳು ಕರೆಸಿದೆ. 4 ಅಡಿಯಿಂದ ನಿಧಾನಕ್ಕೆ 3 ಅಡಿಯ ತುದಿಗೆ, ಅಲ್ಲಿಂದ ಕುರ್ಚಿಗೆ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು ಅವರಿಗೆ ಸುತಾರಾಂ ಇಷ್ಟವಿರಲಿಲ್ಲ, “ಹೌದದಾಗs ಚಲೋ ಇತ್ರಿ” ಅಂತ ಗೊಣಗುತ್ತಿದ್ದರು. ಸವೆದ ಕೀಲು ಮೊದಲಿನಂತಾಗಿಲ್ಲ, ಚಕ್ಕಳಮಕ್ಕಳ ಹಾಕಿ ಕೂರಲು ಈಗಲೂ ಆಗುವುದಿಲ್ಲ. ಆದರೆ ಬಸ್ಸಿನ ಮೆಟ್ಟಿಲನ್ನು ಯಾರ ಕೈಯೂ ಹಿಡಿಯದೆ ಹತ್ತುತ್ತಾರೆ. ಕುಣಿಯ ಅಂಚಿಗೆ ಹಲಗೆ ಹಾಕಿ ಕೂರುವ ಜಾಗ ಎತ್ತರ ಮಾಡಿಸಿಕೊಂಡಿದ್ದಾರೆ. ಗಂಟೆ ನೋಡುವ ಅಭ್ಯಾಸ ಇಲ್ಲದ್ದರಿಂದ ಲೆಕ್ಕ ಹೀಗೆ: ಒಂದು ಮೊಳ ಖಣ ನೇಯ್ದರೆ ಐದು ಸಲ ಎದ್ದು ಕೂರಬೇಕು. ಹಬ್ಬದ ಮುಂದೆ ಆರ್ಡರ್ ಜಾಸ್ತಿಯಾದಾಗ ಎದ್ದೇಳುವುದು ಮರೆತುಹೋಗುತ್ತದೆ. ಆಗ ಮತ್ತೆ ಮಗನ ಫೋನು ಬರುತ್ತದೆ.