ಬೇಸ್ ಗಿಟಾರ್ ಹಿಡಿದು ಸ್ಟೇಜ್ ಹತ್ತುವವರಿಗೆ: ಮೊದಲು ಕೇಬಲ್, ಆಮೇಲೆ ಗಿಟಾರ್

ಬೇಸ್ ಗಿಟಾರ್ ಕಲಿತು ಆರ್ಕೆಸ್ಟ್ರಾ ಸೇರಬೇಕು ಎನ್ನುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಗಿಟಾರ್ ತಗೊಳ್ಳಲಿ? ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಪ್ರೋಗ್ರಾಂ ಕೊಡುವವರಿಗೆ ಇದು ಎರಡನೇ ಪ್ರಶ್ನೆ. ನಿಮ್ಮ ಗಿಟಾರ್‌ನ ಸ್ವರ ಮಿಕ್ಸರ್‌ವರೆಗೆ ಹೇಗೆ ಹೋಗಿ ಮುಟ್ಟುತ್ತದೆ ಎನ್ನುವುದು ಮೊದಲನೆಯದು. ಗಣೇಶೋತ್ಸವ, ರಾಜ್ಯೋತ್ಸವ, ದುಗ್ಗಮ್ಮನ ಜಾತ್ರೆ, ಮದುವೆ ರಿಸೆಪ್ಷನ್, ಎಲ್ಲೇ ಹೋಗಿ, ಸೌಂಡ್‌ನವರು ತರುವುದು ಮಿಕ್ಸರ್, ಬಾಕ್ಸ್, ಮೈಕು, ನುಡಿಸುವವರಿಗೇ ಕೇಳಲು ಇಡುವ ಒಂದೆರಡು ಮಾನಿಟರ್ ಸ್ಪೀಕರ್. ಬೇಸ್‌ಗೆಂದು ಬೇರೆ ಆಂಪ್ (ಆಂಪ್ಲಿಫೈಯರ್) ಬರುವುದು ಅಪರೂಪ. ಹಾಗಾಗಿ ದುಬಾರಿ ಗಿಟಾರ್ ಕೊಂಡು ಕೇಬಲ್‌ನಲ್ಲಿ ದುಡ್ಡು ಉಳಿಸಿದರೆ, ಆ ಗಿಟಾರ್‌ನ ದನಿ ಜನರ ಕಿವಿಗೆ ಬೀಳುವುದೇ ಇಲ್ಲ.

ಗಿಟಾರ್ ಆರಿಸುವಾಗ

ನಾಲ್ಕು ತಂತಿಯದ್ದೇ ಸಾಕು. 1951ರಲ್ಲಿ ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ತಂದಾಗ ಇಟ್ಟ 34 ಇಂಚಿನ ತಂತಿ ಉದ್ದವೇ ಇವತ್ತಿಗೂ ರೂಢಿಯಲ್ಲಿದೆ. ಕೈ ಚಿಕ್ಕದಿದ್ದವರಿಗೆ 30 ಇಂಚಿನ ಶಾರ್ಟ್ ಸ್ಕೇಲ್ ಕೂಡ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ತಗೊಳ್ಳಲು ಹಿಂಜರಿಯಬೇಡಿ. ಆದರೆ ಬಣ್ಣ ನೋಡಿ ಒಪ್ಪಬೇಡಿ. ಒಂದೊಂದೇ ಫ್ರೆಟ್ (ಗಿಟಾರ್‌ನ ಕತ್ತು, ಅಂದರೆ ನೆಕ್ ಮೇಲಿನ ಅಡ್ಡ ಲೋಹಪಟ್ಟಿ) ಒತ್ತಿ ಎಲ್ಲ ತಂತಿಯನ್ನೂ ನುಡಿಸಿ. ಎಲ್ಲಾದರೂ ಜರ್ ಎನ್ನುತ್ತದಾ ಕೇಳಿ. ವಾಲ್ಯೂಮ್, ಟೋನ್ ತಿರುಗಿಸುವಾಗ ಕರಕರ ಬರುತ್ತದಾ ನೋಡಿ. ಜ್ಯಾಕ್ ಹಾಕಿ ಮೆಲ್ಲಗೆ ಅಲ್ಲಾಡಿಸಿ. ಸದ್ದು ಕಡಿದು ಕಡಿದು ಬಂದರೆ ಸಾಕೆಟ್ ಸಡಿಲ ಅಂತ ಅರ್ಥ. ಅದು ಸಣ್ಣ ರಿಪೇರಿ, ಬೆಲೆ ಇಳಿಸಿ ಕೇಳಬಹುದು. ನೆಕ್ ತಿರುಚಿಕೊಂಡಿದ್ದರೆ ಮಾತ್ರ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಪ್ಯಾಸಿವ್, ಆ್ಯಕ್ಟಿವ್ ಎಂದು ಎರಡು ಬಗೆ. ಆ್ಯಕ್ಟಿವ್‌ನಲ್ಲಿ 9 ವೋಲ್ಟ್ ಬ್ಯಾಟರಿ ಇರುತ್ತದೆ. ಬಹುತೇಕ ಗಿಟಾರ್‌ಗಳಲ್ಲಿ ಕೇಬಲ್ ಚುಚ್ಚಿದ ಕೂಡಲೇ ಬ್ಯಾಟರಿ ಆನ್ ಆಗುತ್ತದೆ. ಪ್ರಾಕ್ಟೀಸ್ ಮುಗಿಸಿ ಕೇಬಲ್ ಹಾಗೇ ಬಿಟ್ಟರೆ ಬ್ಯಾಟರಿ ಸುಮ್ನೆ ಖಾಲಿಯಾಗುತ್ತದೆ. ಹಾಡಿನ ನಡುವೆ ದನಿ ಒಡೆದು ಸಣ್ಣಗಾದರೆ ಮೊದಲ ಅನುಮಾನ ಬ್ಯಾಟರಿ ಮೇಲಿರಲಿ. ಹಳ್ಳಿ ಪ್ರೋಗ್ರಾಂಗಳಿಗೆ ಹೋಗುವ ಹೊಸಬರಿಗೆ ಪ್ಯಾಸಿವ್ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆಡುವ ವಸ್ತು ಒಂದು ಕಡಿಮೆ.

ನೆಕ್ ಮತ್ತು ನಮ್ಮ ಬಿಸಿಲು

ನಮ್ಮ ಕಡೆ ಬೇಸಿಗೆ ಒಣ ಬಿಸಿಲು. ಮರ ಒಣಗಿದಾಗ ಸಾಮಾನ್ಯವಾಗಿ ನೆಕ್ ನೇರವಾಗಿ ತಂತಿ ಫ್ರೆಟ್‌ಗೆ ಬಡಿಯತೊಡಗುತ್ತದೆ. ಮಳೆಗಾಲದಲ್ಲಿ ನೆಕ್ ಬಾಗಿ ತಂತಿ ಎತ್ತರವಾಗುತ್ತದೆ. ನೋಡುವುದು ಸುಲಭ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ನೆಕ್ ಬಾಡಿಗೆ ಸೇರುವ ಕಡೆ ಇನ್ನೊಂದು ಕೈಯಿಂದ ಒತ್ತಿ. ಏಳು, ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಹೋಗುವಷ್ಟು ಸಂದಿ ಇರಬೇಕು. ಸಂದಿಯೇ ಇಲ್ಲದಿದ್ದರೆ ನೆಕ್ ಒಳಗಿರುವ ಲೋಹದ ಸರಳು, ಅಂದರೆ ಟ್ರಸ್ ರಾಡ್, ಸ್ವಲ್ಪ ಸಡಿಲಿಸಬೇಕು, ಜಾಸ್ತಿ ಇದ್ದರೆ ಬಿಗಿ ಮಾಡಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಮತ್ತೆ ಶ್ರುತಿ ಮಾಡಿ, ನುಡಿಸಿ ನೋಡಿ. ಬಲ ಹಾಕಿದರೂ ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಗೊತ್ತಿದ್ದವರ ಕೈಗೆ ಕೊಡಿ. ರಾಡ್ ಮುರಿದರೆ ಸರಿ ಮಾಡಿಸುವುದು ಬಹಳ ಕಷ್ಟ.

ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಗಿಟಾರ್ ಬಿಡಲೇಬೇಡಿ. ತಂತಿಯ ಒಂದು ಪೂರಾ ಸೆಟ್ ಬ್ಯಾಗಿನಲ್ಲಿರಲಿ. ಬೇಸ್ ತಂತಿ ಬೇಕೆಂದ ಸಂಜೆಯೇ ಊರಲ್ಲಿ ಸಿಗುತ್ತದೆ ಎಂದು ನಂಬಿಕೊಂಡು ಕೂರುವಂತಿಲ್ಲ.

ಕೇಬಲ್ ಮತ್ತು ಡಿಐ ಬಾಕ್ಸ್

ದುಡ್ಡು ಹಾಕಬೇಕಾದ ಜಾಗ ಇದು. ಗಿಟಾರ್ ಕೇಬಲ್ ಎರಡು ಇರಲಿ, ಆರು ಮೀಟರ್ ಒಳಗಿನವು. ಕೇಬಲ್ ಕೆಡುವುದು ನಡುವೆ ಅಲ್ಲ, ಜ್ಯಾಕ್ ಸೇರುವ ಕುತ್ತಿಗೆಯಲ್ಲಿ. ನುಡಿಸುವಾಗ ಕೇಬಲನ್ನು ಸ್ಟ್ರ್ಯಾಪ್ ಒಳಗಿಂದ ಒಂದು ಸುತ್ತು ತಂದು ಜ್ಯಾಕ್‌ಗೆ ಹಾಕಿ. ಯಾರಾದರೂ ತುಳಿದು ಎಳೆದರೂ ಪೆಟ್ಟು ಸ್ಟ್ರ್ಯಾಪ್‌ಗೆ ಬೀಳುತ್ತದೆ, ಸಾಕೆಟ್‌ಗಲ್ಲ. ಬಿಚ್ಚಿ ಸರಿಮಾಡಬಲ್ಲ ಲೋಹದ ಜ್ಯಾಕ್ ಇರುವ ಕೇಬಲ್ ತಗೊಳ್ಳಿ. ಬೆಸುಗೆ ಹಾಕಲು ಟಿವಿ ರಿಪೇರಿ ಅಂಗಡಿಯವರೂ ಸಾಕು.

ಮಿಕ್ಸರ್ ಇರುವುದು ಸ್ಟೇಜ್ ಎದುರು, ಒಮ್ಮೊಮ್ಮೆ ಇಪ್ಪತ್ತು ಮೂವತ್ತು ಮೀಟರ್ ದೂರದಲ್ಲಿ. ಪ್ಯಾಸಿವ್ ಗಿಟಾರ್‌ನ ಸಿಗ್ನಲ್ ಅಷ್ಟು ದೂರ ಸಾದಾ ಕೇಬಲ್‌ನಲ್ಲಿ ಹೋಗುವಷ್ಟರಲ್ಲಿ ಮಂಕಾಗುತ್ತದೆ, ದಾರಿಯುದ್ದಕ್ಕೂ ಕರೆಂಟಿನ ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ. ಇದಕ್ಕೆ ಡಿಐ ಬಾಕ್ಸ್ ಬೇಕು, ಅಂದರೆ ಗಿಟಾರ್‌ನ ಸಿಗ್ನಲನ್ನು ದೂರದ ಮಿಕ್ಸರ್‌ಗೆ ಹೊಂದುವಂತೆ ಬದಲಿಸುವ ಸಣ್ಣ ಪೆಟ್ಟಿಗೆ. ಒಂದು ಕಡೆ ಗಿಟಾರ್ ಕೇಬಲ್, ಇನ್ನೊಂದು ಕಡೆ ಮೈಕಿಗೆ ಹಾಕುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್. ಈ ಕೇಬಲ್‌ನ ಎರಡು ವೈರ್‌ಗಳಲ್ಲಿ ಒಂದೇ ಸಿಗ್ನಲ್ ತಿರುವುಮುರುವಾಗಿ ಹೋಗುತ್ತದೆ. ನಡುವೆ ಸೇರಿದ ಗುಂಯ್ ಎರಡರಲ್ಲೂ ಒಂದೇ ಥರ ಇರುವುದರಿಂದ ಮಿಕ್ಸರ್‌ನಲ್ಲಿ ಒಂದಕ್ಕೊಂದು ಕಳೆದುಹೋಗುತ್ತದೆ. ಸ್ವರ ಮಾತ್ರ ಉಳಿಯುತ್ತದೆ.

ಪ್ಯಾಸಿವ್ ಗಿಟಾರ್‌ಗೆ ಆ್ಯಕ್ಟಿವ್ ಡಿಐ ಹೊಂದುತ್ತದೆ. ಅದಕ್ಕೆ ಮಿಕ್ಸರ್‌ನಿಂದ ಅದೇ ಎಕ್ಸ್‌ಎಲ್‌ಆರ್ ಕೇಬಲ್ ಮೂಲಕ ಬರುವ 48 ವೋಲ್ಟ್ ಕರೆಂಟ್, ಅಂದರೆ ಫ್ಯಾಂಟಮ್ ಪವರ್, ಬೇಕು. ಫ್ಯಾಂಟಮ್ ಕೊಡಲು ಸೌಂಡ್‌ನವರು ಒಪ್ಪದೇ ಇರಬಹುದು, ಅದಕ್ಕೇ ಬ್ಯಾಟರಿಯಲ್ಲೂ ನಡೆಯುವ ಡಿಐ ತಗೊಳ್ಳಿ. ಆ್ಯಕ್ಟಿವ್ ಗಿಟಾರ್ ಇದ್ದರೆ ಪ್ಯಾಸಿವ್ ಡಿಐ ಸಾಕು, ಅದಕ್ಕೆ ಪವರ್ರೇ ಬೇಡ. ಇದನ್ನು ಸೌಂಡ್‌ನವರು ತರುತ್ತಾರೆ ಎಂದು ಕಾಯದೆ ನಿಮ್ಮದೇ ಇಟ್ಟುಕೊಳ್ಳಿ. ಹೋದ ಕೂಡಲೇ, "ಅಣ್ಣಾ, ಬೇಸ್‌ಗೆ ಡಿಐ ನಾನೇ ತಂದೀನಿ, ಒಂದು ಎಕ್ಸ್‌ಎಲ್‌ಆರ್ ಕೊಡ್ರಿ ಸಾಕು" ಅಂದರೆ ಅವರಿಗೂ ಅರ್ಧ ಕೆಲಸ ಹಗುರ.

ಕರೆಂಟು, ಜನರೇಟರ್, ಅರ್ಥಿಂಗ್

ಎಲ್ಲ ವೈರ್ ಹಾಕಿದ ಮೇಲೆ ಯಾರೂ ನುಡಿಸದಿರುವಾಗ ಒಂದು ನಿಮಿಷ ಕಿವಿಗೊಡಿ. ನಮ್ಮ ಕರೆಂಟ್ 50 ಹರ್ಟ್ಜ್. ನಿಮ್ಮ ದಪ್ಪ ತಂತಿಯ ಮೂರನೇ ಫ್ರೆಟ್ ಸ್ವರ 49 ಹರ್ಟ್ಜ್. ಹಾಗಾಗಿ ಆ ಸ್ವರಕ್ಕೆ ಬಹಳ ಹತ್ತಿರದ, ಏರಿಳಿತ ಇಲ್ಲದ ಗುಂಯ್ ಬಾಕ್ಸ್‌ನಿಂದ ಬರುತ್ತಿದ್ದರೆ ಅದು ಲೈನಿನದು. ಖಾಲಿ ಬಿಟ್ಟ ತೆಳು ತಂತಿಯ ಸ್ವರದಂತೆ ಕೇಳಿದರೆ ಅದೇ ಗುಂಯ್‌ನ ಎರಡರಷ್ಟು, 100 ಹರ್ಟ್ಜ್. ಒಂದು ಸಲ ಇದನ್ನು ಗುರುತಿಸಲು ಕಲಿತರೆ, ತಪ್ಪು ಗಿಟಾರ್‌ನದ್ದೋ ಲೈನಿನದ್ದೋ ಎಂಬ ಜಗಳ ಬೇಗ ಮುಗಿಯುತ್ತದೆ.

ಮಿಕ್ಸರ್ ಒಂದು ಲೈನಿನಿಂದ, ಸ್ಟೇಜ್ ಇನ್ನೊಂದು ಲೈನಿನಿಂದ ಕರೆಂಟ್ ತಗೊಂಡಾಗ ಈ ಗುಂಯ್ ಜಾಸ್ತಿ. ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ ನೋಡಿ, ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ಆ ಸ್ವಿಚ್ ಸಿಗ್ನಲ್‌ನ ಗ್ರೌಂಡನ್ನಷ್ಟೇ ಬಿಡಿಸುತ್ತದೆ, ಕರೆಂಟಿನ ಅರ್ಥ್ ಅನ್ನು ಮುಟ್ಟುವುದಿಲ್ಲ. ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಕೀಳುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ನಿಮ್ಮ ಬೆರಳು ಲೋಹದ ತಂತಿ ಮೇಲಿರುತ್ತದೆ. ಹಾಡಲು ಮೈಕಿಗೆ ತುಟಿ ತಾಗಿಸಿದಾಗ ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸವಿದ್ದರೆ ಶಾಕ್ ಹರಿಯುವುದು ನಿಮ್ಮ ಮೈ ಮೂಲಕ. ಮಳೆಯಲ್ಲಿ ನೆಂದ ಹಲಗೆ ಮೇಲೆ ನಿಂತಿದ್ದರೆ ಇದು ಜೀವಕ್ಕೇ ಅಪಾಯ. ಕಿಸೆಯಲ್ಲಿ ಒಂದು ಟೆಸ್ಟರ್ ಇಟ್ಟುಕೊಳ್ಳಿ. ಮೈಕಿನ ಜಾಲರಿಗೆ ತಾಗಿಸಿ ನೋಡಿ, ದೀಪ ಹೊತ್ತಿದರೆ ಅರ್ಥಿಂಗ್ ಸರಿಯಾಗುವವರೆಗೆ ನುಡಿಸುವುದಿಲ್ಲ ಎಂದು ಹೇಳಿ. ಯಾರು ಬೇಸರ ಮಾಡಿಕೊಂಡರೂ ಪರವಾಗಿಲ್ಲ.

ಸೌಂಡ್ ಚೆಕ್

ಹಾಡಿನಲ್ಲಿ ಎಷ್ಟು ಜೋರಾಗಿ ನುಡಿಸುತ್ತೀರೋ ಅಷ್ಟೇ ಜೋರಾಗಿ ಚೆಕ್‌ನಲ್ಲೂ ನುಡಿಸಿ. ಮೆಲ್ಲಗೆ ನುಡಿಸಿ ಗೇನ್ (ಒಳಬರುವ ಸಿಗ್ನಲ್‌ನ ಮಟ್ಟ) ಇಡಿಸಿಕೊಂಡರೆ ಮೊದಲ ಹಾಡಿಗೇ ಮಿಕ್ಸರ್‌ನಲ್ಲಿ ಸದ್ದು ಮಿತಿ ಮೀರಿ ಕೆಂಪು ದೀಪ ಹೊತ್ತುತ್ತದೆ.

ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಸ್ವರ 41 ಹರ್ಟ್ಜ್. ಸಬ್ (ಕೆಳಗಿನ ಸ್ವರಕ್ಕೆಂದೇ ಇರುವ ದೊಡ್ಡ ಸ್ಪೀಕರ್) ಇಲ್ಲದ ಸಣ್ಣ ಬಾಕ್ಸ್‌ಗಳು ಅದನ್ನು ಸರಿಯಾಗಿ ಹೊರಡಿಸಲಾರವು. ದನಿ ಕೇಳುತ್ತಿಲ್ಲ ಎಂದು ಬೇಸ್ ನಾಬ್ ತಿರುಗಿಸುತ್ತಾ ಹೋದರೆ ಸ್ಪೀಕರ್‌ನ ಕೋನ್ ಬಡಿದುಕೊಳ್ಳುತ್ತದೆ ಅಷ್ಟೆ, ಸ್ವರ ಸ್ಪಷ್ಟವಾಗುವುದಿಲ್ಲ. ಬೇಸ್ ಒಂಚೂರು ತಗ್ಗಿಸಿ, 700-800 ಹರ್ಟ್ಜ್ ಸುತ್ತಿನ ಮಿಡ್ (ನಡುವಿನ ಸ್ವರಮಟ್ಟ) ಏರಿಸಲು ಹೇಳಿ. ಮೇಲಿನ ಸ್ವರಾಂಶಗಳು ಕೇಳಿಸಿದರೆ ಕೆಳಗಿನ ಸ್ವರವನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ಹಾಲ್‌ನ ಗೋಡೆ ಗುಂಯ್‌ಗುಟ್ಟಿದರೂ ಇದೇ ಉಪಾಯ.

ಕೀಬೋರ್ಡ್‌ನವರ ಜೊತೆ ಮಾತು

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಆರ್ಕೆಸ್ಟ್ರಾದಲ್ಲಿ ಬೇಸ್ ಕೆಡುವುದು ಹೆಚ್ಚಾಗಿ ಇಲ್ಲೇ. ಕೀಬೋರ್ಡ್‌ನ ಸ್ಟೈಲ್‌ಗಳಲ್ಲಿ (ಅದು ತಾನೇ ನುಡಿಸುವ ಹಿನ್ನೆಲೆಗಳಲ್ಲಿ) ತಾಳದ ಜೊತೆ ಒಂದು ಬೇಸ್ ಕೂಡ ಓಡುತ್ತಿರುತ್ತದೆ. ಅದೂ ನೀವೂ ಒಟ್ಟಿಗೆ ನುಡಿಸಿದರೆ ಜನರಿಗೆ ಕೇಳುವುದು ಬರೀ ಗದ್ದಲ. ಸ್ಟೈಲ್‌ನ ಬೇಸ್ ಪಾರ್ಟ್ ಒಂದನ್ನೇ ಆಫ್ ಮಾಡಬಹುದು. ಪ್ರೋಗ್ರಾಂಗೆ ಮೊದಲೇ ಕೂತು ಯಾವ ಹಾಡಿಗೆ ಅದು, ಯಾವ ಹಾಡಿಗೆ ನೀವು ಎಂದು ತೀರ್ಮಾನಿಸಿ. ಅವರು ಎಡಗೈಯಲ್ಲಿ ನುಡಿಸುವ ಕೆಳಗಿನ ಸ್ವರಗಳನ್ನು ನಿಮಗೆ ಬಿಟ್ಟುಕೊಡಲು ವಿನಂತಿಸಿ.

ಗಾಯಕರು ಸ್ಟೇಜ್ ಮೇಲೆಯೇ "ಒಂದು ಮನೆ ಇಳಿಸ್ರಿ" ಅನ್ನುತ್ತಾರೆ, ಅಂದರೆ ಹಾಡಿನ ಶ್ರುತಿ ಒಂದು ಮೆಟ್ಟಿಲು ತಗ್ಗಿಸಿ ಅಂತ. ಕೀಬೋರ್ಡ್‌ನವರಿಗೆ ಒತ್ತಿದರೆ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಇದೆ, ನಿಮಗಿಲ್ಲ. ಹಾಡನ್ನು ಖಾಲಿ ತಂತಿಯ ಸ್ವರಗಳನ್ನು ನೆಚ್ಚಿ ಕಲಿತಿದ್ದರೆ ಅಲ್ಲಿ ಸಿಕ್ಕಿಬೀಳುತ್ತೀರಿ. ಮನೆಯಲ್ಲಿ ಪ್ರತಿ ಹಾಡನ್ನೂ ಒಂದು ಫ್ರೆಟ್ ಮೇಲೆ, ಎರಡು ಫ್ರೆಟ್ ಕೆಳಗೆ ನುಡಿಸಿ ಅಭ್ಯಾಸ ಮಾಡಿ. ಮತ್ತೆ ರಿದಂ ಪ್ಯಾಡ್‌ನವರ ಪಕ್ಕದಲ್ಲೇ ನಿಲ್ಲಿ. ಅವರ ಕಿಕ್‌ಗೂ (ದಪ್ಪ ಡ್ರಮ್‌ನ ಪೆಟ್ಟಿಗೂ) ನಿಮ್ಮ ಬೆರಳಿಗೂ ಹೊಂದಿಕೆ ಬಂದರೆ ಅರ್ಧ ಹಾಡು ಗೆದ್ದಂತೆ.

ಆಂಪ್ ಬೇಕೇ?

ಮನೆ ಅಭ್ಯಾಸಕ್ಕೆ ಒಂದು ಸಣ್ಣ ಹೆಡ್‌ಫೋನ್ ಆಂಪ್, ಹೆಡ್‌ಫೋನ್ ಸಾಕು. ಡ್ರಮ್ಸ್ ಇರುವ ಬ್ಯಾಂಡ್ ಕಟ್ಟಿದ ಮೇಲೆ 200-300 ವಾಟ್‌ನ ಆಂಪ್ ಯೋಚಿಸಿ. ಎರಡು 8 ಓಮ್ ಬಾಕ್ಸ್ ಪ್ಯಾರಲಲ್ ಆಗಿ ಹಾಕಿದರೆ 4 ಓಮ್ ಆಗುತ್ತದೆ, ಆಂಪ್ ಅದನ್ನು ತಾಳುತ್ತದಾ ಎಂದು ಆಂಪ್‌ನ ಹಿಂಬದಿಯಲ್ಲಿ ಬರೆದದ್ದನ್ನು ಓದಿ. ಆಂಪ್‌ನಿಂದ ಬಾಕ್ಸ್‌ಗೆ ಸ್ಪೀಕರ್ ಕೇಬಲ್ಲೇ ಬೇಕು, ಗಿಟಾರ್ ಕೇಬಲ್ ಹಾಕಬಾರದು.

ಕಿವಿ, ಭುಜ, ಹಣ

100 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಇರಬಾರದು ಎನ್ನುತ್ತದೆ ಅಮೆರಿಕದ ಕೆಲಸಗಾರರ ಆರೋಗ್ಯ ಸಂಸ್ಥೆ ನಿಯೋಶ್‌ನ ಮಾರ್ಗಸೂಚಿ. ಬಾಕ್ಸ್ ಪಕ್ಕ ಮೂರು ಗಂಟೆ ನಿಲ್ಲುವವರು ಇಯರ್‌ಪ್ಲಗ್ ಹಾಕಲೇಬೇಕು. ಬೇಸ್ ಗಿಟಾರ್ ಸುಮಾರು ನಾಲ್ಕು ಕಿಲೋ ತೂಗುತ್ತದೆ, ಸ್ಟ್ರ್ಯಾಪ್ ಅಗಲವಾಗಿರಲಿ. ಬಸ್ಸಿನಲ್ಲಿ ಹೋದರೆ ಗಿಟಾರನ್ನು ಡಿಕ್ಕಿಗೆ ಹಾಕದೆ ಕಾಲ ಬಳಿಯೇ ನಿಲ್ಲಿಸಿಕೊಳ್ಳಿ.

ಪ್ರೋಗ್ರಾಂ ಒಪ್ಪುವಾಗ ಪೇಮೆಂಟ್ ಎಷ್ಟು, ಅಡ್ವಾನ್ಸ್ ಎಷ್ಟು, ಗಾಡಿ ಖರ್ಚು ಯಾರದು, ಊಟ ಇದೆಯಾ, ಎಷ್ಟು ಗಂಟೆಗೆ ಶುರು, ಇಷ್ಟನ್ನೂ ವಾಟ್ಸ್‌ಆ್ಯಪ್‌ನಲ್ಲಿ ಬರೆದು "ಸರಿ" ಎನ್ನಿಸಿಕೊಳ್ಳಿ. ಬಾಯಿಮಾತು ಗೆಳೆಯರ ನಡುವೆಯೂ ಮನಸ್ತಾಪ ತರುತ್ತದೆ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎನ್ನುತ್ತದೆ 2000ದ ಶಬ್ದ ಮಾಲಿನ್ಯ ನಿಯಮ. ವರ್ಷಕ್ಕೆ 15 ದಿನ ಮೀರದಂತೆ ಹಬ್ಬ, ಉತ್ಸವಗಳಿಗೆ ಮಧ್ಯರಾತ್ರಿ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಭಾಷಣ ತಡವಾಗಿ ಹಾಡಿಗೆ ಉಳಿಯುವುದು ಒಂದೇ ಗಂಟೆ ಎಂಬ ಪರಿಸ್ಥಿತಿ ಬರುವುದುಂಟು. ಆಗಲೂ ಪೂರ್ತಿ ಪೇಮೆಂಟ್ ಸಿಗುತ್ತದಾ ಎಂಬುದನ್ನೂ ಅದೇ ಮೆಸೇಜ್‌ನಲ್ಲಿ ಕೇಳಿಬಿಡಿ.