ಸುಟ್ಟ ಕಾಡಿನ ಚಿತ್ರ, ಇದ್ದಿಲಿನಲ್ಲೇ

2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದು ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು. ಆಗಿನ ಫೋಟೊಗಳನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಅಂಥ ಕಾಡಿನ ಚಿತ್ರ ಬಿಡಿಸಲು ಕೂತವರು ಬಹಳ ಅವಸರ ಮಾಡುತ್ತಾರೆ. ಕಪ್ಪು ಮರದ ಪಕ್ಕ ಕೂಡಲೇ ಒಂದು ಹಸಿರು ಎಲೆ ಇಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಮೊದಲು ಕಪ್ಪು ಸರಿಯಾಗಿ ಬರಲಿ.

ಇದ್ದಿಲು ಮನೆಯಲ್ಲೇ ಆಗುತ್ತದೆ. ಅದಕ್ಕಾಗಿ ಕಾಡಿಗೆ ಹೋಗಬೇಡಿ, ರಾಷ್ಟ್ರೀಯ ಉದ್ಯಾನದಿಂದ ಕಡ್ಡಿ ತರುವುದೂ ತಪ್ಪು. ಸವರಿ ಹಾಕಿದ ದ್ರಾಕ್ಷಿ ಬಳ್ಳಿ ಸಿಕ್ಕರೆ ಒಳ್ಳೆಯದು. ಪೆನ್ಸಿಲ್ ದಪ್ಪದ ಒಣ ತುಂಡುಗಳ ಸಿಪ್ಪೆ ಕೆರೆದು, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಒತ್ತೊತ್ತಾಗಿ ಜೋಡಿಸಿ. ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಮಾಡಿ, ಹಿತ್ತಲಲ್ಲಿ ಸೌದೆ ಒಲೆಯ ಮೇಲಿಡಿ. ತೂತಿನಿಂದ ದಟ್ಟ ಹೊಗೆ ಬರುತ್ತದೆ. ಅದು ನಿಂತ ಮೇಲೆ ಇಳಿಸಿ. ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ತೆಗೆಯಬೇಡಿ. ಗಾಳಿ ಹೊಕ್ಕರೆ ಕಡ್ಡಿ ಮತ್ತೆ ಹೊತ್ತಿಕೊಂಡು ಬರೀ ಬೂದಿ ಉಳಿಯುತ್ತದೆ.

ದಪ್ಪ, ತರಿತರಿಯಾದ ಕಾಗದದ ಮೇಲೆ ಇದ್ದಿಲನ್ನು ಅಡ್ಡ ಹಿಡಿದು ಉಜ್ಜಿ, ಹತ್ತಿ ಬಟ್ಟೆಯಿಂದ ಹರಡಿ. ಇಂಥ ಒಣ ಕಾಡಿನಲ್ಲಿ ಬೆಂಕಿ ಹೆಚ್ಚಾಗಿ ನೆಲ ಹಿಡಿದು ಓಡುತ್ತದೆ. ಹಾಗಾಗಿ ಕಪ್ಪು ಬುಡದಲ್ಲಿ ಜಾಸ್ತಿ ಇರಲಿ, ಮೇಲೆ ಹೋದಂತೆ ತಿಳಿಯಾಗಲಿ. ಆಮೇಲೆ ಬ್ರೆಡ್ಡಿನ ಬಿಳಿ ಭಾಗವನ್ನು ಮಿದ್ದು ಉಂಡೆ ಮಾಡಿ ಒತ್ತಿ ತೆಗೆಯುತ್ತಾ ಹೋಗಿ. ಒತ್ತಿದಲ್ಲೆಲ್ಲ ಬೂದಿ, ಹೊಗೆ, ಬೆಳಕು ಮೂಡುತ್ತವೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದೇ.

ಮತ್ತಿ ಮರದ ತೊಗಟೆಗೆ ಸಮಯ ಕೊಡಿ. ಮೊಸಳೆ ಚರ್ಮದ ಹಾಗೆ ಚೌಕ ಚೌಕವಾಗಿ ಸೀಳಿರುತ್ತದೆ. ಆ ದಪ್ಪ ತೊಗಟೆಯೇ ಒಳಗಿನ ಜೀವ ಕಾಯುವುದು. ಸುಮ್ನೆ ಗೀಚಿದರೆ ಆ ಸೀಳು ಬರುವುದಿಲ್ಲ. ರಸ್ತೆ ಬದಿಯ ಯಾವುದಾದರೂ ಒರಟು ಮರಕ್ಕೆ ತೆಳು ಕಾಗದ ಒತ್ತಿ ಹಿಡಿದು, ಮೇಲೆ ಇದ್ದಿಲು ಉಜ್ಜಿ ನೋಡಿ. ಸೀಳು ಎಲ್ಲಿ ಆಳ, ಎಲ್ಲಿ ಕವಲು ಅಂತ ಕೈಗೇ ಗೊತ್ತಾಗುತ್ತದೆ.

ಈಗ ಪುಡಿ ಉದುರದಂತೆ ಮಾಡಬೇಕಲ್ವಾ? ಕೆನೆ ತೆಗೆದ ಹಾಲಿಗೆ ಅಷ್ಟೇ ನೀರು ಬೆರೆಸಿ, ಸ್ವಲ್ಪ ದೂರದಿಂದ ತೆಳುವಾಗಿ ಸ್ಪ್ರೇ ಮಾಡಿ. ಒಣಗಿದ ಮೇಲೆ ಇನ್ನೊಮ್ಮೆ.

ಚಿಗುರಿನ ಸರದಿ ಆಮೇಲೆ. ಇಲ್ಲಿ ಹಸಿರು ಮುಟ್ಟಬೇಡಿ. ಮಾವಿನ ಚಿಗುರು ನೋಡಿದ್ದೀರಲ್ಲ, ಕಾಡಿನ ಎಷ್ಟೋ ಮರಗಳ ಎಳೆ ಎಲೆಯೂ ಹಾಗೆ ತಾಮ್ರದ ಬಣ್ಣವೇ. ಜರಡಿ ಹಿಡಿದ ಕೆಮ್ಮಣ್ಣನ್ನು ನೆನೆಸಿದ ಜಾಲಿ ಅಂಟಿನಲ್ಲಿ ಕಲಸಿದರೆ ಸಾಕು. ಕೊಂಬೆಯ ತುದಿಗಲ್ಲ, ಸುಟ್ಟ ಮರದ ಬುಡಕ್ಕೆ ಎರಡೋ ಮೂರೋ ಎಲೆ ಇಡಿ.

ಕೊನೆಗೆ ಚಿತ್ರದ ಒಂದು ಮೂಲೆಯಲ್ಲಿ ಲಂಟಾನ ಎಂಬ ಕಳೆ ಪೊದೆಯನ್ನೂ ಬರೆಯಿರಿ. ಬೆಂಕಿಯನ್ನು ಮರದೆತ್ತರಕ್ಕೆ ಏರಿಸುವುದು ಅದೇ, ಮಳೆ ಬಿದ್ದ ಮೇಲೆ ಬೇರಿನಿಂದ ಮತ್ತೆ ಚಿಗುರುವುದೂ ಅದೇ. ಅದನ್ನು ಬಿಟ್ಟು ಚಿತ್ರ ಬರೆದರೆ ಅದು ಬಂಡೀಪುರ ಆಗುವುದಿಲ್ಲ.