ಮೊದಲು ಅಂದಾಜು, ಆಮೇಲೆ ಲೆಕ್ಕ

ಎಂಜಿನಿಯರಿಂಗ್ ಸೇರಿದ ಮೊದಲ ಸೆಮಿಸ್ಟರಿನಲ್ಲೇ ಗಣಿತದಲ್ಲಿ ಫೇಲಾದೆ. ಓದದೆ ಫೇಲಾಗಿದ್ದರೆ ಅಷ್ಟು ಕೊರಗುತ್ತಿರಲಿಲ್ಲ. ಪುಸ್ತಕದಲ್ಲಿ ಬಿಡಿಸಿಟ್ಟಿದ್ದ ಲೆಕ್ಕಗಳನ್ನು ಮೂರು ಮೂರು ಸಲ ಓದಿದ್ದೆ. ಪ್ರತಿ ಸಾಲೂ ‘ಹೌದಲ್ಲ, ಸರಿಯಾಗಿದೆ’ ಅನ್ನಿಸುತ್ತಿತ್ತು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೊದಲ ಸಾಲೇ ಹೊಳೆಯಲಿಲ್ಲ.

ಮರುಪರೀಕ್ಷೆಗೆ ಕೂತಾಗ ಓದುವುದನ್ನು ಅರ್ಧಕ್ಕಿಂತ ಕಡಿಮೆ ಮಾಡಿದೆ. ಪ್ರಶ್ನೆಯನ್ನು ಮಾತ್ರ ನೋಡಿ, ಉತ್ತರದ ಮೇಲೆ ಒಂದು ಹಾಳೆ ಮುಚ್ಚಿ, ನಾನೇ ಬಿಡಿಸತೊಡಗಿದೆ. ಎಲ್ಲಾದರೂ ಸಿಕ್ಕಿಕೊಂಡರೆ ಹಾಳೆಯನ್ನು ಒಂದೇ ಒಂದು ಸಾಲು ಕೆಳಗೆ ಸರಿಸಬೇಕು, ಹೆಚ್ಚಿಲ್ಲ. ಆ ಸಾಲು ನನಗೇಕೆ ಹೊಳೆಯಲಿಲ್ಲ ಎಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಬೇಕು. ಒಂದು ತಿಂಗಳಾದ ಮೇಲೆ ಆ ಪುಟ ತಿರುವಿ ನೋಡಿದರೆ ನಗು ಬಂತು. ಇಪ್ಪತ್ತಮೂರು ಕಡೆ ಸಿಕ್ಕಿಕೊಂಡಿದ್ದೆ, ಅದರಲ್ಲಿ ಹದಿನಾಲ್ಕು ಕಡೆ ಕಾರಣ ಒಂದೇ: ಚಿತ್ರ ಬರೆಯದೆ ನೇರವಾಗಿ ಸೂತ್ರಕ್ಕೆ ಕೈಹಾಕಿದ್ದು. ಗಣಿತ ನನಗೆ ಕಷ್ಟ ಎಂದು ನಂಬಿಕೊಂಡಿದ್ದೆ. ನಿಜವಾಗಿ ಇದ್ದದ್ದು ಅವಸರ.

ಇಷ್ಟರಿಂದ ಪಾಸಾದೆ, ಅಷ್ಟೇ. ಎಂಜಿನಿಯರಿಂಗ್ ರುಚಿಸತೊಡಗಿದ್ದು ಪ್ರಯೋಗಾಲಯದಲ್ಲಿ, ಅದೂ ಒಂದು ತಪ್ಪು ಉತ್ತರದಿಂದ.

ನಮ್ಮ ಎಲೆಕ್ಟ್ರಿಕಲ್ ಪ್ರಯೋಗಾಲಯದ ಮೇಷ್ಟ್ರು ಸ್ವಿಚ್ ಹಾಕುವ ಮೊದಲು ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಎಷ್ಟು ಬರಬಹುದು?’ ಆ ದಿನ ತಲಾ 1 ಮೆಗಾಓಮ್‌ನ ಎರಡು ರೆಸಿಸ್ಟರುಗಳನ್ನು, ಅಂದರೆ ವಿದ್ಯುತ್ತಿನ ಹರಿವನ್ನು ತಡೆಯುವ ಬಿಡಿಭಾಗಗಳನ್ನು, ಸರಣಿಯಲ್ಲಿ ಜೋಡಿಸಿ 5 ವೋಲ್ಟ್ ಕೊಟ್ಟಿದ್ದೆವು. ಒಂದೊಂದರ ಮೇಲೂ 2.5 ಬರಬೇಕು, ಇದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಮಲ್ಟಿಮೀಟರ್ ತೋರಿಸಿದ್ದು 2.38. ಪಕ್ಕದ ಮೇಜಿನವರು ಹೆಚ್ಚು ತಲೆಕೆಡಿಸಿಕೊಳ್ಳದೆ 2.5 ಎಂದು ಬರೆದುಕೊಂಡರು. ರೆಸಿಸ್ಟರಿನ ಮೇಲೆ ಚಿನ್ನದ ಬಣ್ಣದ ಪಟ್ಟಿ ಇತ್ತು, ಅಂದರೆ ಶೇ 5ರಷ್ಟು ಹೆಚ್ಚುಕಡಿಮೆ ಇರಬಹುದು. ಅದೇ ಕಾರಣವಿರಬೇಕು ಎಂದು ನಾನೂ ಸಮಾಧಾನ ಮಾಡಿಕೊಂಡೆ. ಒಂದರಲ್ಲಿ ಕಡಿಮೆ ಬಂದರೆ ಇನ್ನೊಂದರಲ್ಲಿ ಹೆಚ್ಚು ಬರಬೇಕಲ್ಲ ಎಂದು ಎರಡನೆಯದನ್ನೂ ಅಳೆದೆ. ಅಲ್ಲಿಯೂ 2.38. ಎರಡೂ ಕೂಡಿದರೆ 4.76. ಉಳಿದ ಕಾಲು ವೋಲ್ಟ್ ಎಲ್ಲಿ ಹೋಯಿತು?

ಎಲ್ಲಿಯೂ ಹೋಗಿರಲಿಲ್ಲ. ಮೀಟರಿಗೂ ಒಂದು ಒಳರೋಧವಿದೆ. ನಮ್ಮದರಲ್ಲಿ ಅದು 10 ಮೆಗಾಓಮ್. ತಂತಿ ತಾಗಿಸಿದ ಕೂಡಲೇ ಆ ಹತ್ತು, ನಾನು ಅಳೆಯುತ್ತಿದ್ದ ಒಂದರ ಜೊತೆ ಸಮಾಂತರವಾಗಿ ಸೇರಿ 0.909 ಮೆಗಾಓಮ್ ಆಗುತ್ತದೆ. ಲೆಕ್ಕ ಹಾಕಿ ನೋಡಿದರೆ ಸರಿಯಾಗಿ 2.38. ಅಳೆಯಲು ಹೋದ ನಾನೇ ಸರ್ಕ್ಯೂಟಿನ ಒಂದು ಭಾಗವಾಗಿಬಿಟ್ಟಿದ್ದೆ. ಪಾಠದಲ್ಲಿ ಇದನ್ನು ಹೇಳಿದ್ದರು, ನಾನು ಬರೆದುಕೊಂಡೂ ಇದ್ದೆ. ಆದರೆ ಮನಸ್ಸಿಗೆ ಹತ್ತಿದ್ದು ಕಳೆದುಹೋದ ಕಾಲು ವೋಲ್ಟನ್ನು ಹುಡುಕಿದಾಗಲೇ.

ಅಂದಿನಿಂದ ಪ್ರತಿ ಲೆಕ್ಕಕ್ಕೂ ಮೊದಲು ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಅಂದಾಜು ಬರೆಯತೊಡಗಿದೆ. ಹತ್ತರ ಆಸುಪಾಸೋ ನೂರರ ಆಸುಪಾಸೋ, ಅಷ್ಟಾದರೂ ಸಾಕು. ಮೊದಮೊದಲು ಅಂದಾಜುಗಳು ನಾಚಿಕೆ ತರಿಸುವಷ್ಟು ತಪ್ಪಿದವು. ಅದರಿಂದ ಏಕಮಾನಗಳ ತಪ್ಪುಗಳು ಮಾತ್ರ ತಾವಾಗಿಯೇ ಹೊರಬಿದ್ದವು. ತೊಲೆ ಎರಡು ಕಿಲೋಮೀಟರ್ ಬಾಗುತ್ತದೆ ಎಂದು ಉತ್ತರ ಬಂದರೆ ಎಲ್ಲೋ ಮಿಲಿಮೀಟರು ಮೀಟರಾಗಿದೆ ಎಂದೇ ಅರ್ಥ.

ತೊಲೆ ಎಂದಾಗ ಸ್ಕೇಲು ನೆನಪಾಗುತ್ತದೆ. ಒಂದು ತುದಿ ಬಿಗಿದ ತೊಲೆಯ ಬಾಗುವಿಕೆ ಉದ್ದದ ಘನಕ್ಕೆ ಅನುಪಾತದಲ್ಲಿರುತ್ತದೆ, ದಪ್ಪದ ಘನಕ್ಕೆ ವಿಲೋಮದಲ್ಲಿ. ಬಾಯಿಪಾಠ ಮಾಡಲು ಇದು ಸುಲಭದ ವಾಕ್ಯ. ಒಂದು ರಾತ್ರಿ ಉಕ್ಕಿನ ಸ್ಕೇಲನ್ನು ಮೇಜಿನ ಅಂಚಿಗೆ ಬಿಗಿದು, 200 ಮಿಲಿಮೀಟರ್ ಹೊರಕ್ಕೆ ಚಾಚಿ, ತುದಿಗೆ 50 ಗ್ರಾಂ ತೂಕ ನೇತುಹಾಕಿದೆ. ಅಗಲ 25 ಮಿಲಿಮೀಟರ್, ದಪ್ಪ 1 ಎಂದುಕೊಂಡು ಲೆಕ್ಕ ಹಾಕಿದ್ದಕ್ಕೆ 3.1 ಮಿಲಿಮೀಟರ್ ಬಂದಿತ್ತು. ತುದಿ ಇಳಿದದ್ದು ನಾಲ್ಕಕ್ಕಿಂತ ತುಸು ಹೆಚ್ಚು. ಉಕ್ಕಿನ ಸ್ಥಿತಿಸ್ಥಾಪಕಾಂಕವನ್ನೇ, ಅಂದರೆ ಅದರ ಬಿಗುವಿನ ಅಳತೆಯನ್ನೇ, ಅನುಮಾನಿಸಿದೆ, 200 ಗಿಗಾಪಾಸ್ಕಲ್ ಹೌದೋ ಅಲ್ಲವೋ ಎಂದು ಪುಸ್ತಕವನ್ನೆಲ್ಲ ತಡಕಾಡಿದೆ. ಮರುದಿನ ವರ್ನಿಯರ್ ಕ್ಯಾಲಿಪರಿನಲ್ಲಿ ಸ್ಕೇಲಿನ ದಪ್ಪ ನೋಡಿದರೆ 0.9 ಇತ್ತು. ಕೂದಲೆಳೆಯಷ್ಟು ವ್ಯತ್ಯಾಸ, ಆದರೆ ಅದರ ಘನ 0.73. 3.1ನ್ನು ಅದರಿಂದ ಭಾಗಿಸಿದರೆ ನಾಲ್ಕೂಕಾಲು. ಘನ ಎಂಬ ಪದದ ಭಾರ ನನಗೆ ತಿಳಿದದ್ದು ಹೀಗೆ.

ಬಿಟ್ಟುಬಿಟ್ಟಿದ್ದ ಗಣಿತವೂ ನಿಧಾನವಾಗಿ ಹಿಂದಿರುಗಿತು. ಅವಕಲ ಸಮೀಕರಣಗಳು (ಡಿಫರೆನ್ಷಿಯಲ್ ಈಕ್ವೇಶನ್) ಯಾಕೆ ಬೇಕು ಎಂದು ಗೊಣಗಿದ್ದವನು ನಾನೇ. ಮೂರನೆಯ ವರ್ಷ ಕಂಪನದ ಪಾಠದಲ್ಲಿ ಸ್ಪ್ರಿಂಗಿಗೆ ತೂಗಿದ ಭಾರದ ಸಮೀಕರಣ ಬರೆದಾಗ, ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಹಳೆಯ ಎಲೆಕ್ಟ್ರಿಕಲ್ ನೋಟ್‌ಬುಕ್ ತೆಗೆದರೆ ಇಂಡಕ್ಟರ್ (ತಂತಿಯ ಸುರುಳಿ), ರೆಸಿಸ್ಟರ್, ಕೆಪಾಸಿಟರ್ (ವಿದ್ಯುದಾವೇಶ ಕೂಡಿಡುವ ಭಾಗ) ಸೇರಿದ ಸರ್ಕ್ಯೂಟಿಗೂ ಅದೇ ಸಮೀಕರಣ. ರಾಶಿಯ ಜಾಗದಲ್ಲಿ ಇಂಡಕ್ಟನ್ಸ್, ತಡೆಯುವ ಘರ್ಷಣೆಯ ಜಾಗದಲ್ಲಿ ರೋಧ, ಸ್ಪ್ರಿಂಗಿನ ಬಿಗುವಿನ ಜಾಗದಲ್ಲಿ ಕೆಪಾಸಿಟೆನ್ಸಿನ ವ್ಯುತ್ಕ್ರಮ. ಎರಡು ವಿಷಯವೆಂದು ಎರಡು ಸಲ ಓದಿದ್ದು ಒಂದೇ ವಿಷಯವಾಗಿತ್ತು. ಪಠ್ಯಕ್ರಮ ರೂಪಿಸುವವರು ಇದನ್ನು ಮೊದಲ ವರ್ಷವೇ ಒಂದು ಗಂಟೆ ಹೇಳಿಕೊಟ್ಟರೆ ಎಷ್ಟೋ ಜನರ ಗೊಣಗಾಟ ತಪ್ಪುತ್ತದೆ.

ಗುಂಪಿನಲ್ಲಿ ಓದುವ ಬಗ್ಗೆ ಹೆಚ್ಚು ಹೇಳಲಾರೆ. ಮೂವರಿದ್ದರೆ ಓದು, ಆರು ಜನರಾದರೆ ಹರಟೆ.

ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ನಾವು ಒಂದು ಚಾಚುತೋಳು ಮಾಡಿದ್ದೆವು. ಭಾರ ಹಾಕಿದರೆ 2 ಮಿಲಿಮೀಟರ್ ಬಾಗಬೇಕು ಎಂದು ಮೊದಲೇ ಬರೆದಿಟ್ಟಿದ್ದೆ. ಸಣ್ಣ ಸರಿದಾಟವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ 3 ದಾಟಿತು. ಗೆಳೆಯ ತೋಳಿನ ದಪ್ಪವನ್ನು ಮತ್ತೆ ಅಳೆದ, ಸರಿಯಾಗಿತ್ತು. ಕಂಪ್ಯೂಟರಿನಲ್ಲಿ ಲೆಕ್ಕವನ್ನು ಇನ್ನೊಮ್ಮೆ ನಡೆಸಿದೆವು, ಅದೂ ಎರಡೇ ಎಂದಿತು. ಸಂಜೆಯವರೆಗೆ ಕೂತು ಸಾಕಾದ ಮೇಲೆ, ಗೇಜನ್ನು ತುದಿಯಿಂದ ತೆಗೆದು ತೋಳನ್ನು ಬಿಗಿದಿದ್ದ ಬುಡದ ತಟ್ಟೆಗೆ ತಾಗಿಸಿ ಮತ್ತೆ ಭಾರ ಹಾಕಿದೆ. ಕಾಗದದ ಮೇಲೆ ಕದಲದೆ ನಿಂತಿದ್ದ ಆ ಬುಡದಲ್ಲಿಯೂ ಮುಳ್ಳು ಸರಿಯಿತು.